ಎಲ್ಲಿ ತಪ್ಪಿದೆ, ತೋರಿಸು

ತರಗತಿಯಲ್ಲಿ ನನ್ನ ಹಾಜರಿ ಸಂಖ್ಯೆ 41. ಅಧ್ಯಾಪಕರು 31 ಎಂದು ಕೂಗುವ ಹೊತ್ತಿಗೇ ನನ್ನ ಗಂಟಲು ಒಣಗಲು ಶುರುವಾಗುತ್ತಿತ್ತು. 'ಹಾಜರ್' ಎಂಬ ಒಂದೇ ಪದಕ್ಕೆ ಹತ್ತು ಜನರಷ್ಟು ಮುಂಚಿನ ತಯಾರಿ. ಇಷ್ಟಾದರೂ ಬಹಳ ದಿನ ಆ ದನಿ ನನ್ನ ಬೆಂಚಿನ ಅಂಚನ್ನೂ ದಾಟುತ್ತಿರಲಿಲ್ಲ. '41 ಬಂದಿಲ್ಲವೇ?' ಎಂದು ಅವರು ತಲೆ ಎತ್ತಿ ಕೇಳಿದಾಗ ಇಡೀ ತರಗತಿ ನನ್ನತ್ತ ತಿರುಗುತ್ತಿತ್ತು. ಯಾರ ಕಣ್ಣಿಗೂ ಬೀಳಬಾರದೆಂದು ಮೆಲ್ಲಗೆ ಮಾತಾಡುವವರು ಎಲ್ಲರ ಕಣ್ಣಿಗೆ ಬೀಳುವುದು ಹೀಗೆಯೇ.

ಮೊದಲ ವರ್ಷದ ಸೆಮಿನಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ನಿಮಿಷ ಮಾತಾಡಬೇಕಿತ್ತು; ನಾನು ಪರದೆಯ ಕಡೆಗೆ ಮುಖ ಮಾಡಿ, ಬರೆದುಕೊಂಡು ಹೋದದ್ದನ್ನು ಮೂರೂವರೆ ನಿಮಿಷದಲ್ಲಿ ಓದಿ ಮುಗಿಸಿದೆ. 'ಪಾಠ ಗೋಡೆಗೋ ನಮಗೋ?' ಎಂದು ಹಿಂದಿನಿಂದ ಯಾರೋ ಕೇಳಿದರು. ನಗು ಎದ್ದಿತು. ಆಮೇಲೆ ಒಂದು ವಾರ ಕಾಲೇಜಿಗೆ ಹೋಗಲಿಲ್ಲ, ಜ್ವರ ಎಂದೆ.

ನನ್ನ ವಿಷಯ ಸಂಖ್ಯಾಶಾಸ್ತ್ರ. ಎರಡನೆಯ ವರ್ಷದಲ್ಲಿ ಬೇರೆ ವಿಭಾಗದ ಒಂದು ಐಚ್ಛಿಕ ವಿಷಯ ತೆಗೆದುಕೊಳ್ಳಬೇಕೆಂಬ ನಿಯಮವಿತ್ತು. ಪಟ್ಟಿಯಲ್ಲಿ ಪತ್ರಿಕೋದ್ಯಮ, ಮನಶ್ಶಾಸ್ತ್ರ, ನಾಟಕ ಮತ್ತು ಚಿತ್ರಕಲೆ ಇದ್ದವು. ಮೊದಲ ಮೂರರಲ್ಲೂ ಬಾಯಿ ಬಿಡಬೇಕು. ಚಿತ್ರ ಬರೆಯುವವರಿಗೆ ಮಾತೇಕೆ ಎಂದುಕೊಂಡು ನಾಲ್ಕನೆಯದಕ್ಕೆ ಗುರುತು ಹಾಕಿದೆ. ಕಲೆಯ ಮೇಲಿನ ಒಲವಿನಿಂದ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಡಗಿಕೊಳ್ಳಲು ಜಾಗ ಹುಡುಕುತ್ತಿದ್ದೆ, ಅಷ್ಟೇ.

ಮೊದಲ ದಿನ ಮೇಡಂ ಪೆನ್ಸಿಲ್‌ಗಳನ್ನು ಪರಿಚಯಿಸಿದರು. ಎಚ್ ಎಂದರೆ ಗಟ್ಟಿ, ಬಿ ಎಂದರೆ ಕಪ್ಪು. ಗ್ರಾಫೈಟ್‌ಗೆ ಜೇಡಿಮಣ್ಣು ಹೆಚ್ಚು ಬೆರೆಸಿದಷ್ಟೂ ಕಡ್ಡಿ ಗಟ್ಟಿಯಾಗಿ, ಗೆರೆ ತೆಳುವಾಗುತ್ತದೆ. ನಾನು ಚೀಲದಿಂದ ತೆಗೆದಿದ್ದು 2ಎಚ್. ಹತ್ತಿರ ಹಿಡಿದು ನೋಡಿದರೆ ಮಾತ್ರ ಕಾಣುವ ಗೆರೆ ಅದರದ್ದು. ಮೇಡಂ ನನ್ನ ಹಾಳೆಯನ್ನು ನೋಡಿ, ಏನೂ ಹೇಳದೆ ಒಂದು 6ಬಿ ತಂದು ಪಕ್ಕದಲ್ಲಿಟ್ಟು ಹೋದರು. ಹಾಜರಿಯಲ್ಲಿ ನನ್ನ ದನಿ ಹೇಗಿತ್ತೋ ಹಾಳೆಯ ಮೇಲೆ ಗೆರೆಯೂ ಹಾಗೆಯೇ ಇತ್ತು ಎಂಬುದು ಆಗ ಹೊಳೆಯಲಿಲ್ಲ. ಆದರೆ 6ಬಿಯಲ್ಲಿ ಎಳೆದ ಮೊದಲ ಗೆರೆ ನನಗೇ ಗಾಬರಿ ಹುಟ್ಟಿಸಿತು. ಅಷ್ಟು ಕಪ್ಪು! ಕೋಣೆಯ ಆ ತುದಿಯಿಂದಲೂ ಕಾಣುತ್ತದಲ್ಲ ಎಂದು ರಬ್ಬರ್ ಹುಡುಕಿದೆ. ಮೊದಲ ತಿಂಗಳು ರಬ್ಬರ್ ಮುಟ್ಟುವಂತಿಲ್ಲ ಎಂಬ ನಿಯಮ ಹೊರಬಿದ್ದದ್ದು ಆಗಲೇ.

ಮೊದಲ ಅಭ್ಯಾಸ ವಿಚಿತ್ರವಾಗಿತ್ತು. ನಿಮ್ಮ ಎಡಗೈಯನ್ನು ನೋಡುತ್ತಾ ಬಲಗೈಯಲ್ಲಿ ಅದರ ಅಂಚನ್ನು ಬರೆಯಿರಿ. ಹಾಳೆಯನ್ನು ನೋಡಬೇಡಿ, ಪೆನ್ಸಿಲನ್ನು ಎತ್ತಬೇಡಿ. ಕಣ್ಣು ಕೈಯ ಅಂಚಿನ ಮೇಲೆ ಇರುವೆಯ ಹಾಗೆ ಹರಿದಾಡಬೇಕು, ಪೆನ್ಸಿಲ್ ಅದೇ ವೇಗದಲ್ಲಿ ಹಿಂಬಾಲಿಸಬೇಕು. ಐದು ನಿಮಿಷ. ಮುಗಿದ ಮೇಲೆ ಹಾಳೆ ನೋಡಿದರೆ ನನ್ನ ಕೈ ಮರದ ಬೇರಿನಂತಿತ್ತು, ಆರು ಬೆರಳು. ಪಕ್ಕದವಳದು ಏಡಿಯಂತಿತ್ತು. ಚಿತ್ರಕಲೆಯಲ್ಲಿ ಬಹುಮಾನ ತಂದಿದ್ದೇನೆ ಎಂದು ಬಂದಾಗಲೇ ಹೇಳಿಕೊಂಡಿದ್ದ ಹುಡುಗನದೂ ಅಷ್ಟೇ ಗೋಜಲು. ಮೇಡಂ ತಾವೂ ಒಂದು ಬರೆದು ತೋರಿಸಿದರು. ಅವರ ಹೆಬ್ಬೆರಳು ಮಣಿಕಟ್ಟಿನಿಂದ ಅರ್ಧ ಅಂಗುಲ ಆಚೆ ತೇಲುತ್ತಿತ್ತು. ಯಾರಿಗೂ ಚೆಂದವಾಗಿ ಬರೆಯಲು ಬಾರದ ಅಭ್ಯಾಸವೊಂದರಿಂದ ಪಾಠ ಆರಂಭಿಸಿದ ಅವರ ಜಾಣತನಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಬಾಲ್ಯದ ನಂತರ ನಾನು ಜನರ ನಡುವೆ ಕುಳಿತು ಜೋರಾಗಿ ನಕ್ಕದ್ದು ಅಂದೇ ಇರಬೇಕು.

ಎರಡನೆಯ ವಾರ ಚುಟುಕು ಚಿತ್ರಗಳು. ನಮ್ಮಲ್ಲೇ ಒಬ್ಬರು ಮುಂದೆ ನಿಲ್ಲುವುದು, ಬಾಗುವುದು, ಏನನ್ನೋ ಎತ್ತುವಂತೆ ನಟಿಸುವುದು. ಉಳಿದವರು ಆ ಭಂಗಿಯ ಓಟವನ್ನಷ್ಟೇ ಹಿಡಿಯಬೇಕು. 30 ಸೆಕೆಂಡಿನ ಇಪ್ಪತ್ತು ಚಿತ್ರ, ಒಂದು ನಿಮಿಷದ ಹತ್ತು, ಎರಡು ನಿಮಿಷದ ಐದು. ಸಂಖ್ಯಾಶಾಸ್ತ್ರದವಳಾಗಿ ಲೆಕ್ಕ ಹಾಕದೆ ಇರಲಾರೆ: ಅರ್ಧ ಗಂಟೆಯಲ್ಲಿ 35 ಚಿತ್ರ. ಮೂವತ್ತು ಸೆಕೆಂಡಿನಲ್ಲಿ ಮೂಗು, ಬೆರಳು, ಗುಂಡಿ ಯಾವುದಕ್ಕೂ ಸಮಯವಿಲ್ಲ. ಬೆನ್ನಿನ ಬಾಗು ಎತ್ತ, ಭಾರ ಯಾವ ಕಾಲಿನ ಮೇಲಿದೆ ಎಂಬ ಎರಡನ್ನು ಹಿಡಿದರೆ ಉಳಿದದ್ದು ತಾನಾಗಿ ನಿಲ್ಲುತ್ತದೆ, ಹಿಡಿಯದಿದ್ದರೆ ಎಷ್ಟು ಗುಂಡಿ ಬರೆದರೂ ಆಕೃತಿ ಬೀಳುತ್ತದೆ. ನಮ್ಮ ಚಿತ್ರಕಾರ ಕೆ.ಕೆ. ಹೆಬ್ಬಾರರು (1911–1996) ಗೆರೆಯಲ್ಲಿ ಲಯ ತರಬೇಕೆಂದು ಕಥಕ್ ನೃತ್ಯವನ್ನೇ ಕಲಿತಿದ್ದರಂತೆ. ಅವರ ನರ್ತಕಿಯರ ರೇಖಾಚಿತ್ರಗಳನ್ನು ಮೇಡಂ ತೋರಿಸಿದಾಗ, ನಾಲ್ಕೈದು ಗೆರೆಗಳಲ್ಲಿ ಒಬ್ಬ ಮನುಷ್ಯಳು ಗಿರಕಿ ಹೊಡೆಯುವುದನ್ನು ಕಂಡು ನನ್ನ 35 ಹಾಳೆಗಳನ್ನು ಮೆಲ್ಲಗೆ ಬೋರ್ಡಿನ ಹಿಂದೆ ಸರಿಸಿದೆ.

ಆದರೂ ಆ ದಿನ ಒಂದು ಸಂಗತಿ ನಡೆದಿತ್ತು. ಒಂದು ಚಿತ್ರ ಕೆಟ್ಟರೆ ಅದಕ್ಕಾಗಿ ನಾಚಿಕೊಳ್ಳಲು ಪುರಸೊತ್ತಿರಲಿಲ್ಲ, ಮುಂದಿನ ಭಂಗಿ ಆಗಲೇ ಶುರುವಾಗಿರುತ್ತಿತ್ತು. ಮೂವತ್ತೈದರಲ್ಲಿ ಮೂವತ್ತು ಕಸ, ಐದು ಪರವಾಗಿಲ್ಲ. ನನ್ನ ಬದುಕಿನಲ್ಲಿ ಅಲ್ಲಿಯವರೆಗೆ ಪ್ರತಿಯೊಂದು ಕೆಲಸವೂ ಒಂದೇ ಒಂದು ಸಲದ ಪರೀಕ್ಷೆಯಾಗಿತ್ತು. ಅದಕ್ಕೆ ಇಷ್ಟು ಕಸವನ್ನು ನಿರ್ಭಯವಾಗಿ ಹುಟ್ಟಿಸುವುದು ಹೊಸ ರುಚಿ.

ಮೂರನೆಯ ವಾರ ಕುರ್ಚಿ ಬಂತು, ಕುರ್ಚಿಯ ಜೊತೆಗೆ ನನ್ನ ಸೊಕ್ಕು ಮುರಿಯಿತು. ತರಗತಿಯ ನಡುವೆ ಒಂದು ಸಾಮಾನ್ಯ ಮರದ ಕುರ್ಚಿ. ಇದೇನು ಮಹಾ ಎಂದು ಬರೆದೆ. ಬರೆದದ್ದು ಕಾಲು ಮುರಿದ ಮೇಕೆಯಂತಿತ್ತು. 'ಪೆನ್ಸಿಲ್ ಸರಿಯಿಲ್ಲ' ಎಂದು ಗೊಣಗಿದೆ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವುದು ಸುಮ್ಮನೆ ಅಲ್ಲ. ಮೇಡಂ ನನ್ನ ಹಿಂದೆ ಬಂದು ನಿಂತರು.

'ನಾಲ್ಕೂ ಕಾಲು ಒಂದೇ ಉದ್ದ ಬರೆದಿದ್ದೀಯಲ್ಲ, ಏಕೆ?'

'ಕುರ್ಚಿಗೆ ನಾಲ್ಕೂ ಕಾಲು ಒಂದೇ ಉದ್ದ ಅಲ್ಲವೇ ಮೇಡಂ?'

'ಅದು ನಿನಗೆ ಗೊತ್ತಿರುವುದು. ಇಲ್ಲಿಂದ ಕಾಣುವುದನ್ನು ಅಳೆ.'

ಅಳೆಯುವ ವಿಧಾನ ಹೀಗೆ: ಪೆನ್ಸಿಲನ್ನು ನೇರ ಹಿಡಿದು, ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯನ್ನು ಕಾಲಿನ ಮೇಲ್ತುದಿಗೂ ಹೆಬ್ಬೆರಳನ್ನು ಕೆಳತುದಿಗೂ ಹೊಂದಿಸುವುದು. ಆ ಅಳತೆಯನ್ನು ಇನ್ನೊಂದು ಕಾಲಿನ ಪಕ್ಕಕ್ಕೆ ಒಯ್ದು ಹೋಲಿಸುವುದು. ಮೊಣಕೈ ಒಂದಿಷ್ಟು ಮಡಚಿದರೂ ಅಳತೆ ಸುಳ್ಳು ಹೇಳುತ್ತದೆ. ಅಳೆದೆ. ನನ್ನ ಜಾಗದಿಂದ ಹಿಂದಿನ ಕಾಲು ಮುಂದಿನದರ ಮುಕ್ಕಾಲು ಭಾಗವೂ ಇರಲಿಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಕಣ್ಣೆದುರಿಗೇ ಇದ್ದರೂ ನನಗೆ ಕಂಡಿರಲಿಲ್ಲ. ಆಮೇಲೆ ಅವರು ಕುರ್ಚಿಯನ್ನು ಬಿಟ್ಟುಬಿಡು, ಕಾಲುಗಳ ನಡುವಿನ ಖಾಲಿ ಜಾಗಗಳನ್ನು ಬರೆ ಎಂದರು. ಖಾಲಿ ಜಾಗಕ್ಕೆ ಹೆಸರಿಲ್ಲ, ಅದು ಹೇಗಿರಬೇಕೆಂಬ ಮೊದಲೇ ಮಾಡಿಕೊಂಡ ತೀರ್ಮಾನವೂ ಇಲ್ಲ. ಓರೆ ತ್ರಿಕೋನ, ಸೊಟ್ಟ ಚೌಕ ಎಂದು ಬರೆಯುತ್ತಾ ಹೋದೆ. ತುದಿಗೆ ಬಂದಾಗ ಹಾಳೆಯ ಮೇಲೆ ಕುರ್ಚಿಯೊಂದು ತನ್ನಷ್ಟಕ್ಕೆ ಕುಳಿತಿತ್ತು.

ಇನ್ನು ಶುಕ್ರವಾರಗಳ ವಿಷಯಕ್ಕೆ ಬರಬೇಕು. ಚಿತ್ರ ಬರೆಯುವವರಿಗೆ ಮಾತೇಕೆ ಎಂದುಕೊಂಡಿದ್ದೆನಲ್ಲ? ಪ್ರತಿ ಶುಕ್ರವಾರ ವಾರದ ಕೆಲಸವನ್ನೆಲ್ಲ ಗೋಡೆಗೆ ಅಂಟಿಸಿ, ಒಬ್ಬೊಬ್ಬರೂ ತಮ್ಮ ಚಿತ್ರದ ಪಕ್ಕ ನಿಂತು ಅದರ ಬಗ್ಗೆ ಮಾತಾಡಬೇಕಿತ್ತು. ಇದನ್ನು ಮೊದಲೇ ಹೇಳಿದ್ದರೆ ನಾನು ಪತ್ರಿಕೋದ್ಯಮಕ್ಕೇ ಹೋಗುತ್ತಿದ್ದೆ. ಎರಡು ನಿಯಮಗಳಿದ್ದವು. ಬರೆದವರೇ ಮೊದಲು ಮಾತಾಡಬೇಕು. 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬ ಎರಡು ಮಾತುಗಳನ್ನು ಯಾರೂ ಆಡುವಂತಿಲ್ಲ.

ಮೊದಲ ಶುಕ್ರವಾರ ನನ್ನ ಸರದಿ ಬಂದಾಗ ಗೋಡೆಯತ್ತ ಮುಖ ಮಾಡಿ, 'ಇದು ನನಗೆ ಸರಿಯಾಗಿ ಬರಲಿಲ್ಲ, ಕ್ಷಮಿಸಿ' ಎಂದು ಮುಗಿಸಿ ಹೊರಟೆ.

'ನಿಲ್ಲು,' ಎಂದರು ಮೇಡಂ. 'ಎಲ್ಲಿ ಸರಿಯಾಗಿ ಬರಲಿಲ್ಲ?'

'ಎಲ್ಲ ಕಡೆಯೂ.'

'ಎಲ್ಲ ಕಡೆಯೂ ತಪ್ಪಿದ ಚಿತ್ರವನ್ನು ನಾನು ಇನ್ನೂ ನೋಡಿಲ್ಲ. ಎಲ್ಲಿ ತಪ್ಪಿದೆ, ಬೆರಳಿಟ್ಟು ತೋರಿಸು.'

ಬೆರಳಿಡಬೇಕಾದರೆ ನೋಡಬೇಕು. ನೋಡಿದೆ. ಮಣಿಕಟ್ಟು ತೀರಾ ಸಣ್ಣದಾಗಿತ್ತು. ಉಂಗುರದ ಬೆರಳು ನಡುಬೆರಳಿಗಿಂತ ಉದ್ದವಾಗಿತ್ತು. ಎರಡನ್ನೂ ತೋರಿಸಿದೆ. ಹೆಬ್ಬೆರಳ ಬುಡದ ಉಬ್ಬು ಮಾತ್ರ, ನಂಬಲಾಗಲಿಲ್ಲ, ಇದ್ದ ಹಾಗೆಯೇ ಬಂದಿತ್ತು. ಅದನ್ನು ಹೇಳಲೋ ಬೇಡವೋ ಎಂದು ತಡವರಿಸುತ್ತಿದ್ದಾಗ ಮೇಡಂ ಮುಂದಿನವರನ್ನು ಕರೆದರು. ಹೊಗಳಲೂ ಇಲ್ಲ, ಬೈಯಲೂ ಇಲ್ಲ. ನನಗೆ ಒಂದಿಷ್ಟು ನಿರಾಸೆಯೇ ಆಯಿತು. ಆದರೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ 'ಎಲ್ಲಿ?' ಎಂಬ ಪ್ರಶ್ನೆ ಬೆನ್ನು ಬಿಡಲಿಲ್ಲ. ನಾನು ದಡ್ಡಿ, ನನಗೆ ಮಾತು ಬರುವುದಿಲ್ಲ, ನಾನು ಸರಿಯಿಲ್ಲ ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದವಳಿಗೆ ಯಾರೂ ಅದುವರೆಗೆ ಎಲ್ಲಿ ಎಂದು ಕೇಳಿರಲಿಲ್ಲ.

ಎರಡನೆಯ ತಿಂಗಳಿಂದ ಸ್ವಂತ ಮುಖ. ಆರು ವಾರ ಬೇರೆ ಏನೂ ಇಲ್ಲ, ಕನ್ನಡಿ, ಇದ್ದಿಲು ಮತ್ತು ನಾನು. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ: ತಲೆ ಬಾಚುವಷ್ಟು ಹೊತ್ತು ಬಿಟ್ಟರೆ ನಾನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿರಲಿಲ್ಲ. ಮೂಗಿನ ಬಗ್ಗೆ ಚಿಕ್ಕಂದಿನಲ್ಲಿ ಕೇಳಿದ ಮಾತೊಂದು ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಮೊದಲ ಚಿತ್ರದಲ್ಲಿ ಆ ಮೂಗು ಹಾಳೆಯ ಕಾಲು ಭಾಗ ತಿಂದಿತ್ತು. ಕಣ್ಣುಗಳು ಹಣೆಯ ಮೇಲೆ ಹತ್ತಿ ಕುಳಿತಿದ್ದವು. ಮೇಡಂ ಒಂದು ದಾರ ತಂದು ನನ್ನ ನೆತ್ತಿಯಿಂದ ಗಲ್ಲದವರೆಗೆ ಅಳೆದು, ಮಧ್ಯಕ್ಕೆ ಮಡಚಿ ಮತ್ತೆ ಹಿಡಿದರು. ಮಡಿಕೆ ಸರಿಯಾಗಿ ಕಣ್ಣಿನ ಮೇಲೆ ಬಂತು. ಎಲ್ಲರಿಗೂ ಹೆಚ್ಚು ಕಡಿಮೆ ಹೀಗೆಯೇ, ಕಣ್ಣು ತಲೆಯ ನಡುಮಧ್ಯದಲ್ಲಿರುತ್ತದೆ. ನಾವು ಮುಖದಲ್ಲಿ ಕಣ್ಣು, ಮೂಗು, ಬಾಯಿಗಳನ್ನೇ ಗಮನಿಸುವುದರಿಂದ ಅವು ನಮ್ಮ ಲೆಕ್ಕದಲ್ಲಿ ದೊಡ್ಡದಾಗಿ, ಹಣೆ ಮತ್ತು ನೆತ್ತಿ ಕುಗ್ಗಿಹೋಗುತ್ತವೆ. ಕಲಿಯಲು ಶುರುಮಾಡಿದ ಬಹುತೇಕ ಎಲ್ಲರೂ ಈ ತಪ್ಪನ್ನೇ ಮಾಡುತ್ತಾರೆ ಎಂದಾಗ, ನನ್ನ ಮೂಗಿನ ವಿಷಯವೂ ಅಳತೆಯ ತಪ್ಪೇ ಇರಬಹುದೇ ಎಂಬ ಅನುಮಾನ ಬಂತು. ಅಳೆದೆ. ಕಿವಿಯಷ್ಟೇ ಉದ್ದ.

ಇದ್ದಿಲಿನಲ್ಲಿ ಬರೆಯುವಾಗ ಕಣ್ಣು ಕಿರಿದು ಮಾಡಿ ನೋಡಬೇಕು. ಆಗ ಸಣ್ಣ ವಿವರಗಳೆಲ್ಲ ಮಸುಕಾಗಿ ಬೆಳಕು ಮತ್ತು ನೆರಳಿನ ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ. ಮೂಗಿನ ಎಡಬದಿಯ ನೆರಳು ಕೆನ್ನೆಯ ನೆರಳಿಗೆ ಎಲ್ಲಿ ಕೂಡಿಕೊಳ್ಳುತ್ತದೆ, ಕೆಳತುಟಿಯ ಅಡಿಯ ಕಪ್ಪು ಗಲ್ಲದ ಕಪ್ಪಿಗಿಂತ ಗಾಢವೋ ತಿಳಿಯೋ, ಇಂಥವೇ ಪ್ರಶ್ನೆಗಳು. ಮೂರನೆಯ ವಾರದ ಹೊತ್ತಿಗೆ ಕನ್ನಡಿಯಲ್ಲಿ ಚೆಂದದ ಮುಖವೂ ಇರಲಿಲ್ಲ, ಕೆಟ್ಟ ಮುಖವೂ ಇರಲಿಲ್ಲ. ಬಗೆಹರಿಯದ ಒಂದು ನೆರಳಿತ್ತು. ಡಚ್ ಚಿತ್ರಕಾರ ವ್ಯಾನ್‌ ಗೋ ಪ್ಯಾರಿಸಿನಲ್ಲಿದ್ದ 1886ರಿಂದ 1888ರ ನಡುವೆ ತನ್ನದೇ ಮುಖವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಬರೆದ. ಅದು ಆತ್ಮಮೋಹ ಎಂದು ನಾನು ಭಾವಿಸಿದ್ದೆ. ರೂಪದರ್ಶಿಗಳಿಗೆ ಕೊಡಲು ಅವನ ಬಳಿ ಹಣವಿರಲಿಲ್ಲವಂತೆ. ಪುಕ್ಕಟೆಯಾಗಿ, ದೂರದೆ, ಎಷ್ಟು ಹೊತ್ತು ಬೇಕಾದರೂ ಕೂರುವ ಮನುಷ್ಯ ಇನ್ನಾರಿದ್ದಾರೆ?

ನನ್ನನ್ನು ಹೆಚ್ಚು ಕಾಡಿದ್ದು ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ (1867–1945). ಆಕೆ 1933ರಲ್ಲಿ ಇದ್ದಿಲಿನಿಂದ ಬರೆದ ಒಂದು ಸ್ವಂತ ಚಿತ್ರವಿದೆ. ಪಕ್ಕಕ್ಕೆ ತಿರುಗಿದ ಮುಖ, ಇದ್ದಿಲು ಹಿಡಿದ ಕೈ, ಎರಡನ್ನೂ ತಾಳ್ಮೆಯಿಂದ ತಿದ್ದಿದ್ದಾಳೆ. ಆದರೆ ಭುಜದಿಂದ ಕೈಯವರೆಗಿನ ತೋಳು? ಅದು ತೋಳೇ ಅಲ್ಲ, ಇದ್ದಿಲನ್ನು ಒತ್ತಿ ಹಿಡಿದು ಮೇಲೆ ಕೆಳಗೆ ಎಳೆದ ಒಂದು ಅಂಕುಡೊಂಕು ಗೀಚು. ಮಿಂಚು ಹೊಡೆದ ಹಾಗಿದೆ. ಅರವತ್ತು ದಾಟಿದ ಹೆಂಗಸು ಅಷ್ಟು ಕಪ್ಪಾಗಿ, ಯಾರ ಅಪ್ಪಣೆಯನ್ನೂ ಕೇಳದೆ ಎಳೆದ ಆ ಗೆರೆಯನ್ನು ನೋಡುತ್ತಾ ನನ್ನ 2ಎಚ್ ಪೆನ್ಸಿಲನ್ನು ನೆನೆದು ನಾಚಿಕೆಯಾಯಿತು.

ಇಷ್ಟರಲ್ಲಿ ನಾನು ಬದಲಾದೆ ಎಂದು ನೀವು ಅಂದುಕೊಂಡರೆ ತಪ್ಪು. ಐದನೆಯ ವಾರದ ಶುಕ್ರವಾರ ನನ್ನ ಅತ್ಯುತ್ತಮ ಚಿತ್ರ ಎಂದು ನಾನು ನಂಬಿದ್ದನ್ನು ಅಂಟಿಸಿ, ಮೊದಲ ಬಾರಿಗೆ ತರಗತಿಯತ್ತ ಮುಖ ಮಾಡಿ ಮಾತಾಡಿದೆ. ಮುಗಿಸಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ, 'ನೆರಳೆಲ್ಲ ಒಂದೇ ಕಪ್ಪು. ಮುಖ ತಗಡಿನಿಂದ ಕತ್ತರಿಸಿದ ಹಾಗಿದೆ' ಎಂದ. ಮುಖಕ್ಕೆ ರಾಚಿದಂತಾಯಿತು. ಹೊರಗೆ ಹೋಗಿ ಅತ್ತೆ. ಅವನಿಗೆ ಏನು ಗೊತ್ತು, ಅವನ ಚಿತ್ರದ ಕಿವಿ ಎಲ್ಲಿದೆ ಎಂದು ಅವನು ನೋಡಿಕೊಂಡಿದ್ದಾನೆಯೇ ಎಂದೆಲ್ಲ ಮನಸ್ಸಿನಲ್ಲೇ ಜಗಳವಾಡಿದೆ.

ಮೇಡಂ ಹಿಂದೊಮ್ಮೆ ಹೇಳಿದ್ದ ಉಪಾಯವೊಂದು ರಾತ್ರಿ ನೆನಪಾಯಿತು. ಚಿತ್ರಕಾರ ತನ್ನ ಕೆಲಸವನ್ನು ಆಗಾಗ ಕನ್ನಡಿಯಲ್ಲಿ ನೋಡಬೇಕು, ಎಡಬಲ ಅದಲುಬದಲಾದಾಗ ಅದು ಬೇರೊಬ್ಬರ ಕೈಯಿಂದ ಬಂದದ್ದರಂತೆ ಕಾಣುತ್ತದೆ, ಆಗ ತಪ್ಪು ಹೆಚ್ಚು ಚೆನ್ನಾಗಿ ಕಣ್ಣಿಗೆ ಬೀಳುತ್ತದೆ ಎಂದು ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿದ್ದಾನೆ. ಚಿತ್ರವನ್ನು ಕನ್ನಡಿಯೆದುರು ಹಿಡಿದೆ. ಯಾರೋ ಬೇರೆ ಹುಡುಗಿ ಬರೆದ ಚಿತ್ರ ಕಂಡಿತು. ಅವಳ ಮೇಲೆ ನನಗೆ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಪಾಪದ ಹುಡುಗಿ ನೆರಳನ್ನೆಲ್ಲ ಒಂದೇ ಕಪ್ಪಿನಲ್ಲಿ ತುಂಬಿದ್ದಳು. ಮುಖ ತಗಡಿನಿಂದ ಕತ್ತರಿಸಿದ ಹಾಗಿತ್ತು.

ರಾತ್ರಿ ಹನ್ನೊಂದರವರೆಗೆ ಕೂತು, ಹಿಟ್ಟಿನಂತೆ ಮೆತ್ತಗಿರುವ ರಬ್ಬರನ್ನು ಒತ್ತಿ ಒತ್ತಿ ಇದ್ದಿಲನ್ನು ಎತ್ತಿದೆ. ಇಂಥ ರಬ್ಬರಿನಿಂದ ಉಜ್ಜಬೇಕಿಲ್ಲ, ಅದು ಪುಡಿಯನ್ನು ಹೀರಿಕೊಳ್ಳುತ್ತದೆ. ಅಳಿಸುತ್ತಾ ಬೆಳಕನ್ನು ಬರೆಯಬಹುದು. ಗಲ್ಲದ ಅಡಿಯಲ್ಲಿ ಅಂಗಿಯಿಂದ ಪ್ರತಿಫಲಿಸಿ ಬರುವ ತಿಳಿ ಬೆಳಕೊಂದಿತ್ತು, ಅದನ್ನು ನಾನು ಪೂರ್ತಿ ಮುಚ್ಚಿಬಿಟ್ಟಿದ್ದೆ. ಅದನ್ನು ಎತ್ತಿದೊಡನೆ ದವಡೆ ಕತ್ತಿನಿಂದ ಮುಂದಕ್ಕೆ ಬಂತು. ಸೋಮವಾರ ಆ ಹುಡುಗನಿಗೆ ತೋರಿಸಿದೆ. 'ಈಗ ಮುಖಕ್ಕೆ ದುಂಡು ಬಂದಿದೆ' ಎಂದ. ಅವನ ಚಿತ್ರದ ಕಿವಿ ಎರಡು ಬೆರಳು ಮೇಲಿದೆ ಎಂದು ನಾನೂ ಹೇಳಿದೆ. ಅವನು ಪೆನ್ಸಿಲ್ ಚಾಚಿ ಅಳೆದು, 'ಒಂದೂವರೆ' ಎಂದ. ಅಂದಿನಿಂದ ನಾವು ಗೆಳೆಯರು.

ಆ ಚಿತ್ರವನ್ನು ಗಟ್ಟಿಮಾಡುವ ದ್ರಾವಣ ಸಿಂಪಡಿಸಲು ಮರೆತು, ಮರುದಿನ ನನ್ನ ತೋಳೇ ತಾಗಿ ಅರ್ಧ ಮುಖ ಒರೆಸಿಹೋಯಿತು ಎಂಬುದು ಬೇರೆ ಕಥೆ. ಕಸದ ಬುಟ್ಟಿಗೆ ಹಾಕಲು ಹೊರಟಿದ್ದೆ. ಮೇಡಂ ತಡೆದು ರವೀಂದ್ರನಾಥ ಠಾಕೂರರ ಹಸ್ತಪ್ರತಿಯ ಪುಟಗಳನ್ನು ತೋರಿಸಿದರು. ಬೇಡವಾದ ಸಾಲುಗಳನ್ನು ಹೊಡೆದುಹಾಕುತ್ತಾ, ಆ ಕಾಟುಗಳನ್ನು ಒಂದಕ್ಕೊಂದು ಜೋಡಿಸಿ ಹಕ್ಕಿ, ಮೃಗ, ಮುಖಗಳನ್ನು ಮಾಡಿದ್ದಾರೆ. ಅರವತ್ತು ದಾಟಿದ ಮೇಲೆ ಅದೇ ಅಭ್ಯಾಸ ಚಿತ್ರಕಲೆಯಾಗಿ ಬೆಳೆದು, 1930ರಲ್ಲಿ ಪ್ಯಾರಿಸಿನಲ್ಲಿ ಅವರ ಮೊದಲ ಪ್ರದರ್ಶನವೇ ನಡೆಯಿತು. ನನ್ನ ಒರೆಸಿಹೋದ ಮುಖದಿಂದ ಅಂಥದ್ದೇನೂ ಹುಟ್ಟಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಅದನ್ನು ಎಸೆಯದೆ ಇಟ್ಟುಕೊಂಡಿದ್ದೇನೆ.

ಈ ಅಭ್ಯಾಸ ಚಿತ್ರಕಲೆಯ ಕೋಣೆಯಿಂದ ಹೊರಗೆ ಯಾವಾಗ ಹೆಜ್ಜೆ ಇಟ್ಟಿತೋ ತಿಳಿಯದು. ನೆನಪಿರುವುದು ಒಂದು ಮಧ್ಯಾಹ್ನ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಮಾದರಿಯ ವೇರಿಯನ್ಸ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ, ತೆಗೆಯುವ ಪಾಠ. ಹಲಗೆಯ ತುಂಬ ಸೂತ್ರಗಳು. ಎಂದಿನಂತೆ 'ನನಗೆ ಏನೂ ಅರ್ಥವಾಗುತ್ತಿಲ್ಲ' ಎಂಬ ಮಬ್ಬು ಕವಿಯತೊಡಗಿತು. ಹಾಗಾದಾಗ ಪುಸ್ತಕದಲ್ಲಿ ಗೀಚುತ್ತಾ ಕೂರುವುದು ನನ್ನ ಹಳೆಯ ಚಾಳಿ. ಅಂದು ಮಾತ್ರ ಎಲ್ಲಿ ಎಂದು ಕೇಳಿಕೊಂಡೆ. ಮೊದಲ ಸಾಲು ಗೊತ್ತು. ಎರಡನೆಯದೂ ಗೊತ್ತು. ಮೂರನೆಯ ಸಾಲಿನಲ್ಲಿ ಭಾಜಕ ಬದಲಾಗಿದೆ, ಅಂಕಿಗಳ ಎಣಿಕೆಯಾದ ಎನ್ ಅಲ್ಲ. ಅಲ್ಲಿ!

ಕೈ ಎತ್ತಿದೆ. ಎತ್ತಿದ ಕೈ ನನ್ನದೇ ಎಂದು ತಿಳಿಯುವಷ್ಟರಲ್ಲಿ ಅಧ್ಯಾಪಕರು ನೋಡಿಯಾಗಿತ್ತು. 'ಸರ್, ಮೂರನೆಯ ಸಾಲಿನಲ್ಲಿ ಎನ್ ಬದಲು ಎನ್ ಮೈನಸ್ ಒಂದರಿಂದ ಭಾಗಿಸಿದ್ದೀರಿ. ಏಕೆ?' ದನಿ ನಡುಗಿತು, ಕಾಲೂ ನಡುಗಿತು. 'ಪುಸ್ತಕದಲ್ಲಿದೆ, ಓದಿಕೊಳ್ಳಿ' ಎಂದು ಅವರು ಮುಂದುವರಿದರು. ಅಷ್ಟೇ. ಚಪ್ಪಾಳೆ ಬೀಳಲಿಲ್ಲ. ಆದರೆ ತರಗತಿ ಮುಗಿದ ಮೇಲೆ ಮೂವರು ಬಂದು, ತಮಗೂ ಅಲ್ಲೇ ಸಿಕ್ಕಿಬಿದ್ದಿತ್ತು ಎಂದರು. ನಾಲ್ವರೂ ಗ್ರಂಥಾಲಯಕ್ಕೆ ಹೋದೆವು. ಸರಾಸರಿಯನ್ನು ಅದೇ ಅಂಕಿಗಳಿಂದ ತೆಗೆದಿರುವುದರಿಂದ ಚದುರುವಿಕೆ ಇರುವುದಕ್ಕಿಂತ ಕಡಿಮೆ ಎಂದು ತೋರುತ್ತದೆ. ಆ ಕೊರತೆಯನ್ನು ಸರಿದೂಗಿಸಲು ಭಾಜಕವನ್ನು ಒಂದು ಇಳಿಸುತ್ತಾರೆ. ತನ್ನದೇ ಅಳತೆಗೋಲಿನಿಂದ ತನ್ನನ್ನು ಅಳೆದುಕೊಂಡರೆ ಲೆಕ್ಕ ತಪ್ಪುತ್ತದೆ ಎಂದು ಅಂಕಿಗಳಿಗೂ ಗೊತ್ತು ಎಂದು ನನಗೆ ನಗು ಬಂತು. ಉಳಿದ ಮೂವರಿಗೆ ಏಕೆಂದು ತಿಳಿಯಲಿಲ್ಲ.

ವರ್ಷದ ಕೊನೆಗೆ ಮತ್ತೆ ಸೆಮಿನಾರ್. ಧೈರ್ಯ ಎಂದರೆ ಭಯ ಹೋಗುವುದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ, ಅಂಗೈ ಬೆವರುತ್ತಿತ್ತು. ಹಾಜರಿಯಲ್ಲಿ ಈಗಲೂ 37 ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತೇನೆ. ಮೊದಲು ಹತ್ತು ಜನರ ಅಂತರ ಬೇಕಿತ್ತು, ಈಗ ನಾಲ್ಕು.

ಪರದೆ ಬೇಡವೆಂದು ಸೀಮೆಸುಣ್ಣ ಹಿಡಿದು ಹೋದೆ. ಹಲಗೆಯ ಮೇಲೆ ನಕ್ಷೆಯ ಎರಡು ಅಕ್ಷಗಳನ್ನು ಎಳೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಲಂಬ ಅಕ್ಷ ಬಲಕ್ಕೆ ವಾಲಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಉಸಿರೆಳೆದುಕೊಂಡ ಸದ್ದು ಕೇಳಿಸಿತು, ಏನನ್ನೋ ಹೇಳುವ ಮೊದಲು ಎಳೆದುಕೊಳ್ಳುತ್ತಾರಲ್ಲ, ಹಾಗೆ.

ತರಗತಿಯತ್ತ ತಿರುಗಿದೆ. 'ಈ ಅಕ್ಷ ಇಲ್ಲಿಂದ ಮೇಲೆ ಬಲಕ್ಕೆ ವಾಲಿದೆ,' ಎಂದು ಬೆರಳಿಟ್ಟು ತೋರಿಸಿದೆ. 'ಅರ್ಧ ನಿಮಿಷ ಕೊಡಿ.' ಒರೆಸಿ, ತೋಳನ್ನು ಪೂರ್ತಿ ಚಾಚಿ, ಮತ್ತೊಮ್ಮೆ ಎಳೆದೆ.